ತಿಪ್ಪಮ್ಮ ಎಂಬ ಹೆಸರಿನ ಅರ್ಥವೇನು? ಮಗಳಿಗೆ ಇಡಬಹುದೇ?

ಪ್ರಶ್ನೆ: ದಾವಣಗೆರೆಯ ಒಬ್ಬ ತಂದೆ

ಬರುವ ತಿಂಗಳು ನಮ್ಮ ಮಗಳ ತೊಟ್ಟಿಲು ಶಾಸ್ತ್ರವಿದೆ. ನಾವು ಮೂಲತಃ ಚಳ್ಳಕೆರೆ ಸೀಮೆಯವರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ನಮ್ಮ ಮನೆದೇವರು. ಮಗುವಿಗೆ ತಮ್ಮ ಹೆತ್ತವ್ವನ ಹೆಸರಾದ ತಿಪ್ಪಮ್ಮ ಎಂಬುದನ್ನೇ ಇಡಬೇಕೆಂದು ನಮ್ಮ ತಾಯಿ ಬಯಸಿದ್ದಾರೆ. ನನ್ನ ಪತ್ನಿ ಮೊಬೈಲಿನಲ್ಲಿ ಹೆಸರುಗಳ ಆ್ಯಪ್ ತೆರೆದು ನೋಡಿದರೆ ‘ಅರ್ಥ ಲಭ್ಯವಿಲ್ಲ’ ಎಂದು ಬಂತು. ನಿಘಂಟಿನಲ್ಲಿ ತಿಪ್ಪೆ ಎಂದರೆ ಕಸದ, ಗೊಬ್ಬರದ ರಾಶಿ ಎಂದಿದೆ. ಅದನ್ನು ಓದಿ ಅವಳು ಮರುಮಾತಾಡದೆ ಪುಸ್ತಕ ಮುಚ್ಚಿಟ್ಟಳು.

ನನ್ನ ಹೆಸರಿನಲ್ಲೂ ತಿಪ್ಪೆ ಇದೆ. ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗ ಶಿಕ್ಷಕರೊಬ್ಬರು ‘ತಿಪ್ಪೆ’ ಎಂಬಲ್ಲಿಗೇ ನಿಲ್ಲಿಸಿ ತರಗತಿಯತ್ತ ನೋಡುತ್ತಿದ್ದರು, ಉಳಿದವರೆಲ್ಲ ನಕ್ಕ ಮೇಲೆ ‘ಸ್ವಾಮಿ’ ಸೇರಿಸುತ್ತಿದ್ದರು. ಆ ನಗು ನನ್ನ ಮಗಳ ಪಾಲಿಗೂ ಬರಬಾರದೆಂಬ ಆಸೆ ಒಂದು ಕಡೆ, ತಾಯಿಯ ಮಾತನ್ನು ಮೀರಲಾರದ ಸಂಕಟ ಇನ್ನೊಂದು ಕಡೆ. ಈ ಹೆಸರಿನ ಮೂಲವೇನು, ಬೇರೆ ನಾಡುಗಳಲ್ಲೂ ಇಂಥ ಹೆಸರುಗಳಿವೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ 1: ನಿವೃತ್ತ ಕನ್ನಡ ಅಧ್ಯಾಪಕ, ಚಿತ್ರದುರ್ಗ

ನಿಘಂಟು ಹೇಳಿದ್ದು ತಪ್ಪಲ್ಲ, ಆದರೆ ಅದು ಅರ್ಧ ಮಾತು. ತೆಲುಗಿನ ‘ತಿಪ್ಪ’ ಎಂಬ ಪದಕ್ಕೂ ದಿಬ್ಬ, ಗುಡ್ಡೆ ಎಂಬ ಅರ್ಥಗಳಿವೆ. ಬೇಸಾಯದ ಮನೆಯಲ್ಲಿ ತಿಪ್ಪೆ ಹೊಲಸಿನ ಜಾಗವಲ್ಲ. ವರ್ಷವಿಡೀ ಸಗಣಿ, ಒಲೆಯ ಬೂದಿ, ದನ ತಿಂದುಳಿದ ಸಪ್ಪೆ ಅಲ್ಲಿ ಕೊಳೆತು ಹದವಾಗಿ, ಮುಂಗಾರಿಗೆ ಮುಂಚೆ ಗಾಡಿ ಗಾಡಿಯಾಗಿ ಹೊಲ ಸೇರುತ್ತಿತ್ತು. ದೀಪಾವಳಿಯ ಸಂಜೆ ನಮ್ಮ ತಾಯಿ ಹಿಡಿ ಸಗಣಿಯನ್ನು ಉಂಡೆ ಕಟ್ಟಿ, ಚೆಂಡುಹೂವು ಸಿಕ್ಕಿಸಿ, ತಿಪ್ಪೆಯ ನೆತ್ತಿಯ ಮೇಲಿಟ್ಟು, ಪಕ್ಕದಲ್ಲಿ ಹಣತೆ ಹಚ್ಚಿ, ಗಾಳಿಗೆ ಆರದಂತೆ ಸೆರಗು ಅಡ್ಡ ಹಿಡಿದು ನಿಂತಿರುತ್ತಿದ್ದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನು ಹೆಸರಿನ ವಿಚಾರ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಮತ್ತೆ ಕೂಸು ಹುಟ್ಟಿದರೆ, ಅದನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ನೆರೆಯವಳೊಬ್ಬಳು ಎತ್ತಿಕೊಂಡ ಮೇಲೆ ಹೆತ್ತವಳು ಅವಳ ಕೈಯಿಂದ ಕಾಳುಕಡ್ಡಿ ಕೊಟ್ಟು ಕೊಂಡುಕೊಳ್ಳುವ ರೂಢಿ ಇತ್ತು. ಇದು ಯಾರೋ ಬಿಸಾಡಿದ ಕೂಸು, ಇದರ ಮೇಲೆ ಯಾರಿಗೂ ಆಸೆಯಿಲ್ಲ ಎಂದು ಸಾವನ್ನು ನಂಬಿಸುವ ಪ್ರಯತ್ನವದು. ತಿಪ್ಪಣ್ಣ, ತಿಪ್ಪಮ್ಮ, ತಿರುಕಪ್ಪ, ಗುಂಡಪ್ಪ ಎಂಬ ಹೆಸರುಗಳಲ್ಲಿ ಎಷ್ಟೋ ಈ ಭಯದಿಂದಲೇ ಹುಟ್ಟಿದವು. ತಮಿಳಿನಲ್ಲಿ ಕುಪ್ಪೈ ಎಂದರೆ ಕಸ, ಅದರಿಂದ ಕುಪ್ಪುಸ್ವಾಮಿ, ಕುಪ್ಪಮ್ಮಾಳ್. ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ, ಅದರಿಂದ ಪೆಂಟಯ್ಯ, ಪೆಂಟಮ್ಮ. ಮಂಗೋಲಿಯಾದವರ ಹೆಸರುಗಳಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಅಲ್ಲಿ ನೆರ್ಗುಯ್ ಎಂದರೆ ‘ಹೆಸರಿಲ್ಲ’, ಎನೆಬಿಶ್ ಎಂದರೆ ‘ಇದಲ್ಲ’, ಹುನ್‌ಬಿಶ್ ಎಂದರೆ ‘ಮನುಷ್ಯನಲ್ಲ’. ಕೇಡಿನ ಶಕ್ತಿ ಹೊಸಿಲಿಗೆ ಬಂದು ‘ಈ ಮಗು ಯಾರು?’ ಎಂದು ಕೇಳಿದರೆ ಹೆಸರೇ ಅದಕ್ಕೆ ಉತ್ತರ ಕೊಟ್ಟು ಕಳಿಸುತ್ತದೆ. ಚೀನಾದ ಹಳ್ಳಿಗಳಲ್ಲಿ ಗಂಡುಮಕ್ಕಳನ್ನು ‘ನಾಯಿ ತಿಂದು ಬಿಟ್ಟದ್ದು’ ಎಂಬ ಅರ್ಥದ ಗೌಶೆಂಗ್ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದುದೂ ಇದೇ ನಂಬಿಕೆಯಿಂದ.

ಆದ್ದರಿಂದ ತಿಪ್ಪಮ್ಮ ಎಂಬುದು ಮಗುವನ್ನು ಹೀಗಳೆದ ಹೆಸರಲ್ಲ. ‘ನೀನೊಬ್ಬಳಾದರೂ ಉಳಿಯಬೇಕು’ ಎಂದು ಬೇಡಿಕೊಂಡ ಹೆಸರು.

ಉತ್ತರ 2: ಹರಿಹರದ ಓದುಗಾರ್ತಿ

ಮೇಷ್ಟರ ಮಾತನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆ ಹೇಳುತ್ತೇನೆ. ಕೀಳಾಗಿ ಕೇಳುವ ಹೆಸರುಗಳೆಲ್ಲವೂ ಪ್ರೀತಿಯಿಂದ ಇಟ್ಟವಲ್ಲ. ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳಿಗೆ ‘ಬೇಡವಾದವಳು’ ಎಂಬ ಅರ್ಥದ ನಕುಸಾ ಎಂಬ ಹೆಸರಿಡುವ ರೂಢಿಯಿತ್ತು; 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ 285 ಹುಡುಗಿಯರಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರು ಕೊಡಲಾಯಿತು. ನಮ್ಮ ಕಡೆಯ ಸಾಕಮ್ಮಂದಿರಲ್ಲಿಯೂ ಕೆಲವರು ‘ಹೆಣ್ಣು ಇನ್ನು ಸಾಕು’ ಎಂಬ ಕಾರಣಕ್ಕೇ ಸಾಕಮ್ಮ ಆದವರು. ನನ್ನ ದೊಡ್ಡಮ್ಮ ಹಾಗೆ ಆದವರು. ಅದನ್ನು ಅವರು ಬದುಕಿನುದ್ದಕ್ಕೂ ಮರೆಯಲಿಲ್ಲ. ಸಾಯಬಾರದೆಂದು ಇಟ್ಟ ಹೆಸರನ್ನೂ ಹುಟ್ಟಬಾರದಿತ್ತೆಂದು ಇಟ್ಟ ಹೆಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಿಮ್ಮ ಅಜ್ಜಿಗೆ ಆ ಹೆಸರು ಹೇಗೆ ಬಂತೆಂದು ನಿಮ್ಮ ತಾಯಿಯನ್ನು ಮೊದಲು ಕೇಳಿ.

ಉತ್ತರ 3: ಮೊಳಕಾಲ್ಮುರಿನಿಂದ

ಮೂರನೆಯ ದಾರಿಯೂ ಒಂದಿದೆ, ಅದನ್ನು ಯಾರೂ ಹೇಳಲಿಲ್ಲ. ಹಟ್ಟಿ ತಿಪ್ಪೇಶನ ಒಕ್ಕಲಿನ ಮನೆಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂದರೆ ತಿಪ್ಪೆಯ ನೆನಪಾಗುವುದೇ ಇಲ್ಲ. ಫಾಲ್ಗುಣದ ತೇರು, ಕೊಬ್ಬರಿ ಸುಡುವ ಹೊಗೆ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅಜ್ಜನ ಮಾತು ನೆನಪಾಗುತ್ತವೆ. ಕೊಟ್ಟೂರಿಗೆ ನಡೆದುಕೊಳ್ಳುವವರು ಕೊಟ್ರೇಶ, ಕೊಟ್ರಮ್ಮ ಎಂದೂ ಉಕ್ಕಡಗಾತ್ರಿಗೆ ನಡೆದುಕೊಳ್ಳುವವರು ಕರಿಬಸಪ್ಪ, ಕರಿಬಸಮ್ಮ ಎಂದೂ ಇಡುವುದಿಲ್ಲವೇ? ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗನಿಗೆ ಹುಸೇನಪ್ಪ, ಫಕೀರಪ್ಪ ಎಂದಿಟ್ಟ ಹಿಂದೂ ಮನೆಗಳೂ ನಮ್ಮಲ್ಲಿವೆ. ಅರಬ್ಬಿಯ ಫಕೀರ್ ಎಂದರೆ ಬಡವ, ಅಂದರೆ ಮೇಷ್ಟರು ಹೇಳಿದ ತಿರುಕಪ್ಪನ ನೆಂಟನೇ. ದೇವರು ಕೊಟ್ಟದ್ದೆಂದು ಹೇಳುವ ಹೆಸರಂತೂ ಎಲ್ಲ ಕಡೆಯೂ ಇದೆ: ನಮ್ಮ ದೇವದತ್ತ, ಗ್ರೀಕರ ಥಿಯೋಡೋರ್, ಹೀಬ್ರೂವಿನ ನತಾನಿಯೇಲ್, ಸ್ಲಾವ್ ಜನರ ಬೊಗ್ದಾನ್, ದಾವಣಗೆರೆಯ ಯಾವ ಓಣಿಯಲ್ಲೂ ಸಿಗುವ ಅಲ್ಲಾಬಕ್ಷ.

ಮೂಲ ಪದ ಮರೆತುಹೋದರೂ ಹೆಸರು ಬಾಳುತ್ತದೆ. ಓಬವ್ವ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒನಕೆ ಮತ್ತು ಕೋಟೆಯ ಕಿಂಡಿ. ಅಹೋಬಲ ಸವೆದು ಓಬಳ, ಓಬ ಆಯಿತೆಂಬುದು, ಅದು ನರಸಿಂಹನ ಕ್ಷೇತ್ರದ ಹೆಸರೆಂಬುದು ಎಷ್ಟು ಜನರಿಗೆ ನೆನಪಿದೆ? ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಶಾಸನದಲ್ಲಿ ಚಕ್ರವರ್ತಿಗೆ ಇರುವುದು ‘ದೇವರಿಗೆ ಪ್ರಿಯನಾದವನು’ ಎಂಬ ಬಿರುದು ಮಾತ್ರ. ಅಶೋಕ ಎಂಬ ಹೆಸರು ಮಸ್ಕಿಯಲ್ಲಿದೆ, ಇಲ್ಲಿಲ್ಲ. ಆದರೆ ಶಾಸನ ಬರೆದವನು ಮಾತ್ರ ತನ್ನ ಹೆಸರನ್ನು ಕೊನೆಯಲ್ಲಿ ಬಿಡದೆ ಬರೆದುಕೊಂಡಿದ್ದಾನೆ: ಚಪಡ. ಅದರ ಮುಂದೆ ‘ಲಿಪಿಕಾರ’ ಎಂಬ ಮಾತನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಸೇರಿಸಿದ್ದಾನೆ. ಆ ಬಂಡೆಯ ಮುಂದೆ ನಿಂತಾಗ ನನಗೆ ಚಪಡ ಎಂಬ ಪದದ ಅರ್ಥ ಬೇಕೆನಿಸಲಿಲ್ಲ. ಆ ಮನುಷ್ಯ ಅಲ್ಲಿ ಕುಳಿತು ಬರೆದನೆಂಬುದೇ ಸಾಕಾಗಿತ್ತು.

ಉತ್ತರ 4: ದಾವಣಗೆರೆ

ಅವಸರ ಬೇಡ. ಹೆಸರಿಲ್ಲದೆ ಜನನ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ತೊಟ್ಟಿಲಲ್ಲಿ ಒಂದು, ಕರೆಯಲು ಇನ್ನೊಂದು ಹೆಸರಿಡುವುದು ನಮ್ಮಲ್ಲಿ ಹಳೆಯ ಪದ್ಧತಿಯೇ ಆಗಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಹರಿಹರದ ತಾಯಿ ಹೇಳಿದಂತೆ ನಿನ್ನೆ ರಾತ್ರಿ ಊಟದ ನಂತರ ಅವ್ವನನ್ನು ಕೇಳಿದೆ. ಅಜ್ಜಿಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ಒಂದೂ ವರ್ಷ ತುಂಬಲಿಲ್ಲವಂತೆ. ಮುತ್ತಜ್ಜಿ ನಾಯಕನಹಟ್ಟಿಗೆ ಹರಕೆ ಹೊತ್ತಿದ್ದೂ ನಿಜ, ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿದ್ದೂ ನಿಜ. ಪಕ್ಕದ ಮನೆಯವಳು ಎತ್ತಿಕೊಂಡಾಗ ಎರಡು ಸೇರು ಸಜ್ಜೆ ಅಳೆದು ಕೊಟ್ಟು ಮಗಳನ್ನು ಬಿಡಿಸಿಕೊಂಡರಂತೆ. ಆ ಅಜ್ಜಿ ಎಂಟು ಮಕ್ಕಳನ್ನು ಹೆತ್ತು, ಮೊಮ್ಮಕ್ಕಳ ಮದುವೆಯನ್ನೂ ಕಂಡು ಹೋದರು. ಅವ್ವ ಇದನ್ನು ಹೇಳುವಾಗ ನನ್ನ ಪತ್ನಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳುತ್ತಿದ್ದಳು. ಕೊನೆಗೆ ‘ಅಕ್ಕನಿಗೆ ಹೇಳಿ, ಕಿವಿಯಲ್ಲಿ ಇದೇ ಹೆಸರು ಕೂಗಲಿ’ ಎಂದಳು. ಸೋದರತ್ತೆ ಶುಕ್ರವಾರ ಬರುತ್ತಾಳೆ.