ಪದ ಬೇಕಿದೆ, ಗುರುವಾರದೊಳಗೆ: ಪಾದರಸದ ಪೆಟ್ಟಿಗೆ ಮೇಲೆ ‘ಮರುಬಳಕೆ’ ಅಂತ ಬರೆಯಬಹುದಾ?

ಕಾರವಾರದಿಂದ, ಸೋಮವಾರ ಬೆಳಿಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ. ಒಂದು ಬೋರ್ಡು ಬರೆಸಬೇಕಿದೆ. ಪೇಂಟರ್ ಗುರುವಾರ ಬರುತ್ತಾರೆ. ಅಷ್ಟರೊಳಗೆ ನನಗೆ ಸರಿಯಾದ ಪದ ಸಿಗಬೇಕು.

ನಮ್ಮ ಶಾಲೆಯ ಹತ್ತಿರದ ಎಲೆಕ್ಟ್ರಿಕ್ ಅಂಗಡಿಯವರು ಒಂದು ಪೆಟ್ಟಿಗೆ ಇಡಲು ಒಪ್ಪಿದ್ದಾರೆ. ಕೆಟ್ಟ ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬ್, ಜ್ವರ ನೋಡುವ ಗಾಜಿನ ಥರ್ಮಾಮೀಟರ್, ಇಂಥವನ್ನು ಊರವರು ಕಸದ ಗಾಡಿಗೆ ಹಾಕದೆ ಅಲ್ಲಿ ತಂದಿಡಬೇಕು. ಪೆಟ್ಟಿಗೆ ತುಂಬಿದ ಮೇಲೆ ಅನುಮತಿ ಇರುವ ಘಟಕಕ್ಕೆ ಹೋಗುತ್ತದೆ. ಅಲ್ಲಿ ಪಾದರಸ, ಗಾಜು, ಲೋಹ ಎಲ್ಲ ಬೇರೆ ಬೇರೆ ಮಾಡುತ್ತಾರೆ.

ಸದ್ಯಕ್ಕೆ ಒಂದು ಕಾಗದದಲ್ಲಿ ‘ಪಾದರಸ ವಸ್ತುಗಳ ಮರುಬಳಕೆ’ ಅಂತ ಬರೆದು ಅಂಟಿಸಿದ್ದೆ. ಮೊನ್ನೆ ಒಬ್ಬ ಅಜ್ಜ ಬಂದು ಪೆಟ್ಟಿಗೆಯಿಂದ ಎರಡು ಟ್ಯೂಬ್‌ಲೈಟ್ ಆರಿಸಿಕೊಂಡು ಹೊರಟಿದ್ದರು. ನಾನು ತಡೆದೆ. ‘ಮರುಬಳಕೆಗೆ ಅಂತ ನೀವೇ ಬರೆದಿದ್ದೀರಲ್ಲ, ಇದು ಉರಿತದಾ ಇಲ್ವಾ?’ ಅಂತ ಕೇಳಿದರು. ಅವರದ್ದು ತಪ್ಪಲ್ಲ. ನನ್ನ ಪದವೇ ತಪ್ಪು ದಾರಿ ತೋರಿಸಿತ್ತು. ಬೇರೆ ಸಾಮಾನಾದರೆ ಅಡ್ಡಿ ಇರಲಿಲ್ಲ. ಇದು ಪಾದರಸ. ಆ ಗಾಜು ಅವರ ಮನೆಯಲ್ಲಿ ಮೊಮ್ಮಕ್ಕಳ ಕೈಗೆ ಸಿಕ್ಕಿ ಒಡೆದಿದ್ದರೆ?

ಇನ್ನೊಂದು ಕೆಲಸವೂ ಇದೆ. ಬೋರ್ಡಿನ ಜೊತೆ ಹಂಚಲು ಒಂದು ಕರಪತ್ರ ಅನುವಾದ ಮಾಡುತ್ತಿದ್ದೇನೆ. ಸರ್ಕಾರ ಮತ್ತು ಕಂಪನಿಗಳು ಸೇರಿ ಈ ಕೆಲಸ ಹೇಗೆ ಮಾಡುತ್ತವೆ ಅನ್ನುವುದು ಅದರ ವಿಷಯ. ಅಮೆರಿಕದ ಉದಾಹರಣೆ ಅದರಲ್ಲಿದೆ. ಅಲ್ಲಿ ಮನೆಯೊಳಗಿನ ಬಿಸಿ ಹತೋಟಿಯಲ್ಲಿಡಲು ಗೋಡೆಗೆ ಹಾಕುತ್ತಿದ್ದ ಹಳೆ ಥರ್ಮೋಸ್ಟ್ಯಾಟ್ ಒಂದರಲ್ಲಿ ಸುಮಾರು 4 ಗ್ರಾಂ ಪಾದರಸ ಇರುತ್ತಿತ್ತು. 1998ರಲ್ಲಿ ಅದನ್ನು ತಯಾರಿಸುವ ಮೂರು ಕಂಪನಿಗಳೇ ಸೇರಿ ಹಳೆಯದನ್ನು ಒಟ್ಟುಮಾಡಲು ಒಂದು ಸಂಸ್ಥೆ ಕಟ್ಟಿದವು. ಆಮೇಲೆ ಕೆಲವು ರಾಜ್ಯಗಳು ಕಾನೂನನ್ನೂ ತಂದವು. ಮೇನ್ ರಾಜ್ಯದಲ್ಲಿ 2006ರ ಕಾನೂನಿನ ಪ್ರಕಾರ ಒಂದೊಂದು ಥರ್ಮೋಸ್ಟ್ಯಾಟ್ ತಂದುಕೊಟ್ಟವರಿಗೆ ಕನಿಷ್ಠ 5 ಡಾಲರ್ ಕೊಡಬೇಕಿತ್ತು. ಈ ಜೊತೆಗಾರಿಕೆಗೆ ಸಹಕಾರ ಅನ್ನಲಾ, ಸಹಯೋಗ ಅನ್ನಲಾ, ಸಹಭಾಗಿತ್ವ ಅನ್ನಲಾ?

ಶಿರಸಿಯಿಂದ, ನಿವೃತ್ತ ಮಾಸ್ತರು

ಅಕ್ಕೋರೇ, ಮರುಬಳಕೆ ಖಂಡಿತ ತಪ್ಪು. ಮರುಬಳಕೆ ಅಂದರೆ ಮತ್ತೆ ಬಳಸುವುದು, ಅಷ್ಟೇ. ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ ಹಾಕಿಟ್ಟರೆ ಅದು ಮರುಬಳಕೆ. ಬಾಟಲಿ ಕರಗಿಸಿ ಹೊಸ ಗಾಜು ಮಾಡಿದರೆ ಅದು ಬೇರೆ. ಎರಡಕ್ಕೂ ಒಂದೇ ಪದ ಹಾಕಿದ್ದು ಪತ್ರಿಕೆಯವರ ಸೋಮಾರಿತನ. ‘ಪುನಶ್ಚಕ್ರೀಕರಣ’ ಅಂತ ಒಂದಿದೆ. ಅರ್ಥ ಸರಿ, ಆದರೆ ಬೋರ್ಡಿಗೆ ಆಗುವುದಿಲ್ಲ.

ಅದಕ್ಕಿಂತ ಮೊದಲು ‘ಪಾದರಸ’ವನ್ನು ತಿದ್ದಿ. ಸಂಸ್ಕೃತದಲ್ಲಿ ಇರುವುದು ‘ಪಾರದ’. ಪಾರದ, ರಸ ಎರಡೂ ಸೇರಿ, ನಡುವಿನ ರಕಾರ ಬಿದ್ದು ಪಾದರಸ ಆಯಿತು ಅನ್ನುವುದು ನನ್ನ ಬಹುಕಾಲದ ವಾದ. ಕಾಲಿಗೂ ಇದಕ್ಕೂ ಸಂಬಂಧವಿಲ್ಲ. ಮರಾಠಿಯವರು ಪಾರಾ ಅಂತ ಸರಿಯಾಗಿ ಉಳಿಸಿಕೊಂಡಿದ್ದಾರೆ. ನಾವು ಕೆಡಿಸಿಕೊಂಡೆವು.

ಸಿದ್ದಾಪುರದಿಂದ, ಆಯುರ್ವೇದ ವೈದ್ಯರು

ಮಾಸ್ತರೇ, ಕೆಡಿಸಿದ್ದು ನಾವೊಬ್ಬರೇ ಅಲ್ಲ. ತೆಲುಗಿನಲ್ಲಿ ಪಾದರಸಂ, ತಮಿಳಿನಲ್ಲೂ ಪಾದರಸಂ. ಮೂರು ಭಾಷೆಯ ಜನ ಇಷ್ಟು ಕಾಲ ಹೇಳಿದ್ದನ್ನು ತಪ್ಪು ಅನ್ನಲು ಬರುವುದಿಲ್ಲ. ಚುರುಕು ಮಗುವನ್ನು ಪಾದರಸದಂಥ ಹುಡುಗ ಅನ್ನುತ್ತೇವೆ. ಪಾರದದಂಥ ಹುಡುಗ ಅಂದವರನ್ನು ನಾನು ಕಂಡಿಲ್ಲ.

ನಮ್ಮ ಶಾಸ್ತ್ರದಲ್ಲಂತೂ ಬರೀ ‘ರಸ’ ಅಂದರೇ ಪಾದರಸ. ರಸಶಾಸ್ತ್ರ, ರಸವಾದ ಎಲ್ಲದರಲ್ಲೂ ಆ ರಸವೇ ಇರುವುದು. ಹಿಂಗುಲ ಅಂದರೆ ಪಾದರಸದ ಕೆಂಪು ಅದಿರು. ಅದರಿಂದ ಪಾದರಸ ತೆಗೆಯಲು ಡಮರುಯಂತ್ರ ಅಂತ ಇದೆ. ಎರಡು ಮಡಕೆ, ಬಾಯಿಗೆ ಬಾಯಿ ಸೇರಿಸಿ ಸಂದು ಮುಚ್ಚುವುದು. ಕೆಳಗೆ ಬೆಂಕಿ, ಮೇಲೆ ತಂಪು. ಆವಿ ಮೇಲಿನ ಮಡಕೆಗೆ ಹೋಗಿ ಹನಿಗಟ್ಟುತ್ತದೆ. ಇಂದಿನ ಘಟಕದಲ್ಲೂ ಮೂಲ ತತ್ವ ಇದೇ. ಮುಚ್ಚಿದ ಯಂತ್ರದೊಳಗೆ ಬಲ್ಬನ್ನು ಪುಡಿ ಮಾಡುತ್ತಾರೆ. ಪುಡಿಯನ್ನು ಕಾಯಿಸಿ, ಆವಿ ತಣಿಸಿ, ಪಾದರಸ ಹಿಡಿಯುತ್ತಾರೆ. ಹಾಗಾಗಿ ‘ಶೋಧನೆ’ ಅಂತ ಬರೆಯಿರಿ. ಬೇಡದ್ದು ಕಳೆದು ಬೇಕಾದ್ದು ಉಳಿಸುವುದು ಅಂತ ಅದರ ಅರ್ಥ.

ಕುಮಟಾದಿಂದ

ಮತ್ತೆ ಸಂಸ್ಕೃತವೇ! ಒಂದು ಬೋರ್ಡಿಗೆ ಪಾರದ, ಶೋಧನೆ, ಪುನಶ್ಚಕ್ರೀಕರಣ. ಮೀನು ಮಾರುವವರು ಓದಬೇಕಾದ ಬೋರ್ಡು ಇದು ಅಲ್ವಾ? ಕನ್ನಡದ ಬೇರಿನಿಂದ ಕಟ್ಟಿದರೆ ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ಪಾದರಸಕ್ಕೆ ‘ನೀರ್ಬೆಳ್ಳಿ’. ಅದರ ಲ್ಯಾಟಿನ್ ಹೆಸರಿನ ಅರ್ಥವೂ ನೀರಿನಂಥ ಬೆಳ್ಳಿ ಅಂತಲೇ. ಹಳೆಯದರಿಂದ ಹೊಸದು ಮಾಡುವುದಕ್ಕೆ ‘ಮರುಮಾಡಿಕೆ’. ಸಹಯೋಗಕ್ಕೆ ‘ಕೂಡುಗೆಲಸ’. ಮೂರೂ ಮುಗಿಯಿತು.

ಕಾರವಾರದಿಂದ, ಮೊದಲು ಕೇಳಿದವರು

ಕುಮಟಾದವರೇ, ಕೂಡುಗೆಲಸ ನನಗೆ ಇಷ್ಟ ಆಯ್ತು. ನೀರ್ಬೆಳ್ಳಿ ಮಾತ್ರ ಬೇಡವೇ ಬೇಡ. ಪೆಟ್ಟಿಗೆ ಮೇಲೆ ಬೆಳ್ಳಿ ಅಂತ ಕಂಡರೆ ಮಕ್ಕಳು ಕೈ ಹಾಕುತ್ತಾರೆ. ಥರ್ಮಾಮೀಟರ್ ಒಡೆದಾಗ ಆ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ ಆಡಿದ ಹುಡುಗರನ್ನು ನಾನು ನೋಡಿದ್ದೇನೆ. ಮಾಸ್ತರೇ, ಪಾರದವೂ ಬೇಡ. ಪಾದರಸ ಅಂದ ಕೂಡಲೇ ಇಲ್ಲಿಯ ಹಿರಿಯರಿಗೆ ಪಕ್ಕದ ಬಿಣಗಾದ ಕಾರ್ಖಾನೆ ನೆನಪಾಗುತ್ತದೆ, ಅಲ್ಲಿ ಹಿಂದೆ ಕಾಸ್ಟಿಕ್ ಸೋಡಾ ಮಾಡಲು ಅದನ್ನು ಬಳಸುತ್ತಿದ್ದರಲ್ಲ. ಆ ಪದದಲ್ಲೇ ಎಚ್ಚರಿಕೆ ಇದೆ. ಅದನ್ನು ನಾನು ಬಿಡುವುದಿಲ್ಲ.

ಡಾಕ್ಟ್ರೇ, ‘ಶೋಧನೆ’ ಅಂದರೆ ನಮ್ಮ ಕಡೆ ಪೊಲೀಸರು ಮನೆ ಜಾಲಾಡುವುದು ಅಂತಲೇ ಅಂದುಕೊಳ್ಳುತ್ತಾರೆ.

ಅಂಕೋಲಾದಿಂದ

ಅಕ್ಕೋರೇ, ಹೊಸ ಪದ ಯಾಕೆ ಕಟ್ಟಬೇಕು? ನಮ್ಮಲ್ಲಿ ಈ ಕೆಲಸ ಮೊದಲಿನಿಂದ ಇದೆ, ಮಾತೂ ಇದೆ. ಹಳೆ ಸರ, ಸವೆದ ಬಳೆ ಎಲ್ಲ ಅಕ್ಕಸಾಲಿಗರ ಹತ್ತಿರ ಒಯ್ದು ಏನು ಮಾಡಿಸುತ್ತೇವೆ? ‘ಮುರಿಸಿ ಹೊಸದು ಮಾಡಿಸುತ್ತೇವೆ’. ನನ್ನ ಅತ್ತೆ ಮದುವೆಯ ಸರ ಮುರಿಸಿ ಇಬ್ಬರು ಸೊಸೆಯರಿಗೆ ಓಲೆ ಮಾಡಿಸಿದರು. ಅದನ್ನು ಮರುಬಳಕೆ ಅಂತ ಯಾರೂ ಅನ್ನಲಿಲ್ಲ. ಸರ ಹೋಯಿತು, ಬಂಗಾರ ಉಳಿಯಿತು. ನೀವು ಹುಡುಕುತ್ತಿರುವ ಅರ್ಥ ಇದೇ.

ಕಾರವಾರದಿಂದ, ಮೊದಲು ಕೇಳಿದವರು

ಇದನ್ನು ಓದಿ ಎಷ್ಟು ಖುಷಿಯಾಯಿತು ಅಂದರೆ, ಕರಪತ್ರದ ಮೊದಲ ಸಾಲೇ ಬದಲಾಯಿಸಿದೆ. ‘ಹಳೆ ಬಂಗಾರ ಮುರಿಸಿ ಹೊಸದು ಮಾಡಿಸುವ ಹಾಗೆ’ ಅಂತ ಶುರು ಮಾಡಿದ್ದೇನೆ. ಇದಕ್ಕಿಂತ ಚೆನ್ನಾಗಿ ಯಾವ ಪಾರಿಭಾಷಿಕ ಪದವೂ ಹೇಳುವುದಿಲ್ಲ.

ಆದರೆ ಬೋರ್ಡಿಗೆ ಹೆದರಿಕೆ ಆಗುತ್ತದೆ. ಟ್ಯೂಬ್‌ಲೈಟ್ ಪೆಟ್ಟಿಗೆ ಮೇಲೆ ‘ಮುರಿ’ ಅಂತ ಬರೆದರೆ ಜಾಗ ಉಳಿಸಲು ಮುರಿದೇ ಹಾಕುತ್ತಾರೆ. ಮುರಿದರೆ ಆವಿ ಹೊರಗೆ ಬರುತ್ತದೆ. ಸಿಎಫ್‌ಎಲ್ ಒಂದರಲ್ಲಿ ಸಾಮಾನ್ಯವಾಗಿ ಇರುವುದು ಸುಮಾರು 5 ಮಿಲಿಗ್ರಾಂ, ನಿಜ. ಜ್ವರದ ಥರ್ಮಾಮೀಟರಿನಲ್ಲಿ ಸುಮಾರು ಅರ್ಧ ಗ್ರಾಂ ಇರುತ್ತದೆ. ಅಂದರೆ ನೂರು ಬಲ್ಬಿನಷ್ಟು ಒಂದೇ ಕಡ್ಡಿಯಲ್ಲಿ. ಅದಕ್ಕೇ ಬೋರ್ಡಿನಲ್ಲಿ ಆ ಪದ ಇಡಲು ನನಗೆ ಧೈರ್ಯವಿಲ್ಲ.

ಕಾರವಾರ ಬಂದರಿನ ಕಡೆಯಿಂದ

ಬಂಗಾರದ ಮಾತು ಬಂತಲ್ಲ, ಒಂದು ಹೇಳುತ್ತೇನೆ. ಮರಾಠಿಯಲ್ಲಿ ‘ಭಂಗಾರ್’ ಅಂದರೆ ಗುಜರಿ ಸಾಮಾನು. ಕೊಂಕಣಿಯಲ್ಲಿ ‘ಭಾಂಗಾರ್’ ಅಂದರೆ ಚಿನ್ನ. ಕನ್ನಡದಲ್ಲಿ ಬಂಗಾರ. ಕಾರವಾರದ ಪೇಟೆಯಲ್ಲಿ ಮೂರೂ ಕೇಳುತ್ತವೆ. ಒಂದು ದೀರ್ಘ ತಪ್ಪಿದರೆ ಚಿನ್ನ ಹೋಗಿ ಗುಜರಿ ಆಗುತ್ತದೆ. ಇದನ್ನು ಯಾರಾದರೂ ಕೂತು ಬರೆಯಬೇಕು.

ಬೋರ್ಡಿಗೆ ನನ್ನ ಸಲಹೆ: ‘ವಾಪಸ್ ಕೊಡಿ’. ಪೆಟ್ಟಿಗೆಯ ಹತ್ತಿರ ಬಂದವರು ಮಾಡಬೇಕಾದ ಕೆಲಸ ಅಷ್ಟೇ. ಮುಂದೆ ಕಾಯಿಸುವುದು, ತಣಿಸುವುದು ಘಟಕದವರ ಕೆಲಸ. ಅದಕ್ಕೆ ಬೋರ್ಡಿನಲ್ಲಿ ಪದವೇ ಬೇಡ.

ಕುಮಟಾದಿಂದ

ವಾಪಸ್ ಪಾರಸಿ ಪದ. ಕನ್ನಡದಲ್ಲಿ ಮರಳಿಸು ಇದೆ, ಹಿಂತಿರುಗಿಸು ಇದೆ. ಮನೆಯಲ್ಲಿ ಅಕ್ಕಿ ಇದ್ದೂ ಸಾಲ ತರುವುದು ಯಾಕೆ?

ಕಾರವಾರ ಬಂದರಿನ ಕಡೆಯಿಂದ

ಹಾಗಾದರೆ ಅರ್ಜಿ, ಜಮೀನು, ಬದಲು ಎಲ್ಲ ಬಿಡಿ. ಮನೆಯ ಚಾವಿಯನ್ನೂ ಬಿಡಿ, ಅದು ಪೋರ್ಚುಗೀಸರದ್ದು. ಪಗಾರವೂ ಅವರದ್ದೇ, ಬಟಾಟೆಯೂ ಅವರದ್ದೇ. ಈ ಕರಾವಳಿಗೆ ಹಡಗು ಬಂದಷ್ಟು ಕಾಲ ಪದವೂ ಬಂದಿದೆ. ಬಂದದ್ದು ಇಲ್ಲಿ ಬೇರು ಬಿಟ್ಟಿದೆ. ನನ್ನ ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ವಾಪಸ್ ಗೊತ್ತಿತ್ತು, ಮರುಮಾಡಿಕೆ ಗೊತ್ತಿರಲಿಲ್ಲ.

ಕುಮಟಾದಿಂದ

ಅಜ್ಜಿಗೆ ಮರಳಿಸು ಗೊತ್ತಿರಲಿಲ್ಲವಾ? ಚಾವಿ ಬಂದಾಗ ಹೊಸ ವಸ್ತುವೂ ಬಂತು ಅನ್ನಿ, ಒಪ್ಪುತ್ತೇನೆ. ಇದ್ದ ಪದವನ್ನು ತಳ್ಳಿ ಬಂದು ಕೂತದ್ದಕ್ಕೆ ನನ್ನ ತಕರಾರು.

ಸಿದ್ದಾಪುರದಿಂದ, ಆಯುರ್ವೇದ ವೈದ್ಯರು

‘ತಕರಾರು’ ಅರಬ್ಬಿಯಿಂದ ಬಂದದ್ದು. ಇಷ್ಟಕ್ಕೆ ನಿಲ್ಲಿಸೋಣ. ಅಕ್ಕೋರಿಗೆ ಗುರುವಾರ ಬೋರ್ಡು ಬೇಕು.

ಶಿರಸಿಯಿಂದ, ನಿವೃತ್ತ ಮಾಸ್ತರು

ಎರಡನೇ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ‘ಸಹಕಾರ’ ಹಾಕಬೇಡಿ. ಶಿರಸಿಯಲ್ಲಿ ಸಹಕಾರ ಅಂದರೆ ಅಡಕೆ ಸೊಸೈಟಿ. ‘ಸಹಭಾಗಿತ್ವ’ ಅಂದರೆ ಲಾಭದಲ್ಲಿ ಪಾಲು ಇದ್ದ ಹಾಗೆ ಕೇಳುತ್ತದೆ. ಇಲ್ಲಿ ಲಾಭ ಹಂಚಿಕೊಳ್ಳುತ್ತಿಲ್ಲ, ಹೊಣೆ ಹಂಚಿಕೊಳ್ಳುತ್ತಿದ್ದಾರೆ. ‘ಸರ್ಕಾರವೂ ಕಂಪನಿಗಳೂ ಸೇರಿ’ ಅಂತ ಬರೆದರೆ ಸಾಕು. ನಾಮಪದವೇ ಬೇಕು ಅಂತ ಎಲ್ಲಿದೆ? ಕನ್ನಡ ಕ್ರಿಯಾಪದದಲ್ಲಿ ಉಸಿರಾಡುವ ಭಾಷೆ.

ನಿಮ್ಮ ಕರಪತ್ರದಲ್ಲಿ ‘ವಿಸ್ತೃತ ಉತ್ಪಾದಕರ ಹೊಣೆಗಾರಿಕೆ’ ಅಂತ ಬಂದೇ ಬರುತ್ತದೆ. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳೇ ಅದರ ಮೇಲೆ ನಿಂತಿವೆ. 2016ರ ನಿಯಮದಲ್ಲಿ ಪಾದರಸದ ದೀಪಗಳೂ ಸೇರಿದವು. 2022ರ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆದರೆ ಆ ಪದಗುಚ್ಛ ನೋಡಿ. ಕನ್ನಡದಲ್ಲಿ ವಿಶೇಷಣ ಪಕ್ಕದ ಪದಕ್ಕೆ ಅಂಟಿಕೊಳ್ಳುತ್ತದೆ. ಇಲ್ಲಿ ವಿಸ್ತರಿಸಿದ್ದು ಯಾರು? ಉತ್ಪಾದಕರಾ? ಅವರೇನು ಊದಿಕೊಂಡಿದ್ದಾರಾ? ಹೊಣೆ ವಿಸ್ತರಿಸಿದ್ದು. ‘ಉತ್ಪಾದಕರ ವಿಸ್ತೃತ ಹೊಣೆ’ ಅನ್ನಬೇಕು. ಇಂಗ್ಲಿಷಿನ ಸಾಲನ್ನು ಹಾಗೇ ಇಳಿಸಿದರೆ ಇದೇ ಗತಿ.

ಕಾರವಾರದಿಂದ, ಮೊದಲು ಕೇಳಿದವರು

ಮಾಸ್ತರೇ, ನಾನು ಹಾಗೇ ಇಳಿಸಿದ್ದೆ. ತಿದ್ದಿದೆ. ಜನರಿಗಾಗಿ ಪಕ್ಕದಲ್ಲಿ ‘ಮಾಡಿ ಮಾರಿದವರ ಹೊಣೆ’ ಅಂತಲೂ ಸೇರಿಸಿದೆ. ಮಾರಿದ ಮೇಲೂ ಆ ವಸ್ತು ಅವರನ್ನು ಬಿಡುವುದಿಲ್ಲ ಅನ್ನುವುದೇ ಈ ನಿಯಮದ ಜೀವ. 2013ರಲ್ಲಿ ಜಪಾನಿನ ಕುಮಾಮೊಟೊದಲ್ಲಿ ಒಪ್ಪಿದ, ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟ ಒಪ್ಪಂದದ ಬಗ್ಗೆಯೂ ಒಂದು ಸಾಲು ಹಾಕಿದ್ದೇನೆ. 2018ರಲ್ಲಿ ಭಾರತ ಅದನ್ನು ಅನುಮೋದಿಸಿದೆ. ಜಪಾನಿನ ಮಿನಮಾಟದಲ್ಲಿ ಪಾದರಸ ಸೇರಿದ ಕೊಲ್ಲಿಯ ಮೀನು ತಿಂದು ಜನ ಕಾಯಿಲೆ ಬಿದ್ದರು. ಮೀನು ತಿನ್ನುವ ಊರಿನವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಮಾಡಿ ಮಾರಿದವರ ಹೊಣೆ ಅನ್ನುವ ಕಾರಣಕ್ಕೇ ನಾನು ‘ವಾಪಸ್’ ಆರಿಸಿದೆ. ಕುಮಟಾದವರು ಬೇಸರ ಮಾಡಿಕೊಳ್ಳಬಾರದು. ‘ಮರಳಿಸಿ’ ಅಂತ ಮೊದಲು ಕಾಗದದಲ್ಲಿ ಬರೆದು ಅಂಗಡಿ ಎದುರು ಮೂವರಿಗೆ ತೋರಿಸಿದೆ. ಇಬ್ಬರು ‘ಮರಳಿಸಿ’ಯನ್ನು ನೀರು ಕುದಿಸುವ ‘ಮರಳಿಸು’ ಅಂದುಕೊಂಡರು. ವಾಪಸ್ ಎಲ್ಲರಿಗೂ ಗೊತ್ತಾಯಿತು. ಅಂಗಡಿಯಿಂದ ಬಂದದ್ದು ಅಂಗಡಿಗೆ, ಅಲ್ಲಿಂದ ಮಾಡಿದವರ ಕಡೆಗೆ ಅನ್ನುವ ಭಾವವೂ ಅದರಲ್ಲಿದೆ. ನಿಮ್ಮ ಕೂಡುಗೆಲಸ ಕರಪತ್ರದ ತಲೆಬರಹದಲ್ಲಿ ಇದೆ.

ಬೋರ್ಡು ಹೀಗೆ:

ಪಾದರಸ ಇರುವ ಹಳೆ ಸಾಮಾನು ಇಲ್ಲಿ ವಾಪಸ್ ಕೊಡಿ
ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬ್, ಗಾಜಿನ ಥರ್ಮಾಮೀಟರ್
ಇಲ್ಲಿಂದ ಏನನ್ನೂ ಒಯ್ಯಬೇಡಿ
ಒಡೆಯಬೇಡಿ

ಅಂಕೋಲಾದಿಂದ

ಅಕ್ಕೋರೇ, ‘ಒಡೆಯಬೇಡಿ’ ಕೊನೆಗೆ ಇಟ್ಟರೆ ಪೆಟ್ಟಿಗೆ ಮುಂದೆ ನಿಂತವರು ನೋಡುವುದಿಲ್ಲ. ಮೊದಲ ಸಾಲಿಗೆ ತನ್ನಿ, ಕೆಂಪು ಬಣ್ಣದಲ್ಲಿ. ಕರಪತ್ರದಲ್ಲಿ ಇನ್ನೊಂದು ಸೇರಿಸಿ: ಮನೆಯಲ್ಲಿ ಒಡೆದರೆ ಕಸಬರಿಗೆ ಹಾಕಬೇಡಿ, ಕಿಟಕಿ ತೆರೆಯಿರಿ, ದಪ್ಪ ಕಾಗದದಿಂದ ಬಳಿದು ಮುಚ್ಚಳದ ಡಬ್ಬಿಗೆ ಹಾಕಿ. ‘ಗುಡಿಸಿ’ ಅಂತ ಬರೆಯಬೇಡಿ. ‘ಬಳಿದು’ ಅಂತಲೇ ಇರಲಿ.

ಕಾರವಾರದಿಂದ, ಮೊದಲು ಕೇಳಿದವರು

ಎರಡನ್ನೂ ಹಾಗೇ ಮಾಡಿಸುತ್ತೇನೆ. ‘ಮರುಬಳಕೆ’ ಕಾಗದವನ್ನು ಈಗಷ್ಟೇ ಹೋಗಿ ಕಿತ್ತು ಬಂದೆ.