ಸಮಸ್ಯೆ (ಕಂದ ಪದ್ಯದ ಈ ಕೊನೆಯ ಸಾಲಿಗೆ ಉಳಿದ ಮೂರು ಸಾಲು ಕಟ್ಟಿ ಪೂರಣ ಮಾಡಿ): “ಮುದುಕಿಯ ಸುಕ್ಕಿಗೆ ಸಮಸ್ತ ಲೋಕಂ ಮರುಳಯ್”

ಗುಬ್ಬಚ್ಚಿ: ಮೇಷ್ಟ್ರೇ, ನನ್ನ ಪೂರಣ:

ಹೆದರದ ಮೇರಿ ಡ್ರೆಸ್ಲರ್
ಕದಗಳ್ ಮುಚ್ಚಿರೆ ನಗುತ್ತ ನಿಂದಳ್ ಪೊರಗೇ
ಪದಕಂ ಬಂದುದು ಮುಪ್ಪೊಳ್
ಮುದುಕಿಯ ಸುಕ್ಕಿಗೆ ಸಮಸ್ತ ಲೋಕಂ ಮರುಳಯ್

ಹಾಲಿವುಡ್ಡಿನ ನಟಿ. 1931ರ ನವೆಂಬರಿನಲ್ಲಿ ಆಸ್ಕರ್ ಬಂದಾಗ ಆಕೆಗೆ 63.

ಹಳೇ ತಕ್ಕಡಿ: ಪರವಾಗಿಲ್ಲ. ಆದರೆ ಮೊದಲ ಸಾಲಿಗೆ 12 ಮಾತ್ರೆ ಬೇಕು, 11ಕ್ಕೇ ನಿಂತಿದೆ. ‘ರಿ’ ಲಘು, ಒಂದೇ ಮಾತ್ರೆ; ‘ಮೇರಿ’ ಮೂರೇ ಅಲ್ವಾ?

ಗುಬ್ಬಚ್ಚಿ: ಮುಂದೆ ‘ಡ್ರೆ’ ಇದೆ, ಕಣ್ಣು ಬಿಟ್ಟು ನೋಡಿ. ಒತ್ತಕ್ಷರದ ಹಿಂದಿನ ‘ರಿ’ ಗುರು, ಎರಡು ಮಾತ್ರೆ.

ಹಳೇ ತಕ್ಕಡಿ: ಅದು ಬೇರೆ ಪದ, ಸಮಾಸವೂ ಅಲ್ಲ. ಸುಮ್ನೆ ‘ಮೇರಿಯು’ ಅನ್ನಿ.

ಗುಬ್ಬಚ್ಚಿ: ಆಗ ನನ್ನ ಲೆಕ್ಕಕ್ಕೆ ‘ಯು’ ಗುರುವಾಗಿ, ನಾಲ್ಕು ಮಾತ್ರೆಯ ಗಣ 5 ಆಗುತ್ತೆ! ಹೋದ ಯುಗಾದಿಗೆ ನೀವೇ ‘ಚೈತ್ರದ ಪ್ರಭೆ’ಯಲ್ಲಿ ‘ದ’ ಎಳೆದಿದ್ದಿರಿ.

ಹಳೇ ತಕ್ಕಡಿ: ಅದು ಒಬ್ಬಟ್ಟಿನ ಆತುರ. ಮತ್ತೆ, ಆಸ್ಕರ್ ಅಂದರೆ ಪದಕ ಅಲ್ಲ, ಬೊಂಬೆ.

ಗುಬ್ಬಚ್ಚಿ: ಪ್ರಾಸಕ್ಕೆ ಪ್ರತಿ ಸಾಲಿನ ಎರಡನೇ ಅಕ್ಷರ ದಕಾರ ಬೇಕು. ಬೊಂಬೆಗೆ ಅದನ್ನ ನೀವು ತಂದುಕೊಡ್ತೀರಾ?

ನೀರಜೆ: ನನ್ನ ಶಬರಿ ಪದ್ಯ ಹಾಕಿ ಎರಡು ಗಂಟೆ ಆಯ್ತು.

ಮೇಷ್ಟ್ರು: ನೋಡಿದೆ ತಾಯಿ. ಚೆನ್ನಾಗಿದೆ.

ಪಡಸಾಲೆ: ‘ಕದಗಳ್ ಮುಚ್ಚಿರೆ’ ನಿಜವಾದ ಮಾತು. 1914ರಲ್ಲಿ ಚಾಪ್ಲಿನ್ ಜೊತೆ ನಟಿಸಿದಾಗ ನಾಯಕಿ ಈಕೆಯೇ. 1919ರ ನಟರ ಮುಷ್ಕರದಲ್ಲಿ ಗುಂಪಿನಲ್ಲಿ ಹಾಡಿ ಕುಣಿಯುವ ಕೋರಸ್ ಹುಡುಗಿಯರ ಪರ ನಿಂತಳು. ಆಮೇಲೆ ಕೆಲಸ ಬತ್ತುತ್ತಾ ಹೋಯಿತು. 1927ರಲ್ಲಿ ಚಿತ್ರಕಥೆ ಬರೆಯುವ ಹಳೇ ಗೆಳತಿ ಫ್ರಾನ್ಸಿಸ್ ಮೇರಿಯನ್ ಮತ್ತೆ ಕರೆತಂದಳು. ಆ ಆಸ್ಕರ್ ತಂದ ಚಿತ್ರ ‘ಮಿನ್ ಅಂಡ್ ಬಿಲ್’ ಕೊನೆ ನೋಡಿದ್ದೀರಾ? ಸಾಕಿದ ಹುಡುಗಿ ಗಂಡನ ಜೊತೆ ಹಡಗು ಹತ್ತುತ್ತಾಳೆ. ಈಕೆ ದೂರದಲ್ಲೇ ನಿಂತು ನೋಡ್ತಾಳೆ. ಆ ದಪ್ಪ ಕೆನ್ನೆಯಲ್ಲಿ ಅಳು ಯಾವುದು, ನಗು ಯಾವುದು ಅಂತ ಹೇಳೋಕಾಗಲ್ಲ. ಮಾತೇ ಇಲ್ಲ. ಚೆಲುವೆ ತಾರೆ ಗಾರ್ಬೋ ಇದ್ದ ಕಾಲದಲ್ಲಿ, 1932, 1933 ಎರಡೂ ವರ್ಷ ಟಿಕೆಟ್ ಗಳಿಕೆಯಲ್ಲಿ ಈ ಅಜ್ಜಿಯೇ ಮೊದಲು.

ಹಳೇ ತಕ್ಕಡಿ: ಅಜ್ಜಿ ಬಗ್ಗೆ ನನ್ನ ತಕರಾರಿಲ್ಲ. ‘ರಿ’ ಬಗ್ಗೆ.

ಮೇಷ್ಟ್ರು: ಹುಟ್ಟಿದ ಮನೆತನದ ಹೆಸರು ಕೋರ್ಬರ್. ರಂಗಕ್ಕೆ ಆ ಹೆಸರು ಬೇಡ ಅಂತ ಅಪ್ಪನ ಹಟ, ಅದಕ್ಕೇ ಡ್ರೆಸ್ಲರ್ ಆದದ್ದು. ‘ಹೆದರದ ಮೇರಿಯು ಕೋರ್ಬರ್’ ಅಂದರೆ ಇಬ್ಬರ ಲೆಕ್ಕಕ್ಕೂ 12.

ನೀರಜೆ: ಅಪ್ಪನ ಹೆಸರು ಕೊನೆಗೂ ಉಪಯೋಗಕ್ಕೆ ಬಂತು!

ಗುಬ್ಬಚ್ಚಿ: ಆ ಹೆಸರು ಹೇಳಿದರೆ ಯಾರಿಗೆ ಗೊತ್ತಾಗುತ್ತೆ ಮೇಷ್ಟ್ರೇ? ಬದಲಾಯಿಸಲ್ಲ. ‘ರಿ’ ಗುರುವೇ.

ಹಳೇ ತಕ್ಕಡಿ: ಲಘು.