ಬಿಸಿ ಹೂರಣಕ್ಕೆ ಮುಚ್ಚಳ ಹಾಕ್ಬ್ಯಾಡ

ಹಲೋ... ಹಾಂ, ಕೆಂಪಗೆ ಮಿಣುಕ್ತಾ ಐತೆ, ರೆಕಾರ್ಡ್ ಆಗ್ತಾ ಐತೆ. ಯವ್ವಾ, ನಿನ್ನ ಮೆಸೇಜು ಈಗ ನೋಡಿದೆ. "ಅತ್ತೆ, 2 ಕೆಜಿ ಬೇಳೆ ಬೇಯಿಸೀನಿ, ಬೆಲ್ಲ ಹಾಕಿದ ಮ್ಯಾಲೆ ಹೋಳಿಗೆ ಹೂರಣ ನೀರು ನೀರಾಗೈತೆ, ಇನ್ನೂ ರುಬ್ಬಿಲ್ಲ, ನಾಳೆ ಅಜ್ಜಿ ಎಡೆ, ಮೂವತ್ತೈದು ಜನ ಬರ್ತಾರೆ, ಕೈಕಾಲು ಆಡ್ತಿಲ್ಲ, ಹಂಗೇ ಮುಚ್ಚಿಟ್ಟು ಬೆಳಿಗ್ಗೆ ಎದ್ದು ನೋಡ್ಲಾ" ಅಂತ ಬರ್ದೀಯ. ಅಷ್ಟುದ್ದ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ. ಬಾಯಲ್ಲೇ ಹೇಳ್ತೀನಿ, ಗ್ರೂಪಿನಾಗೆ ಉಳಿದೋರೂ ಕೇಳಿಸ್ಕೊಳ್ರಿ.

ಮೊದಲು ಒಂದು ಮಾತು. ಬಿಸಿ ಹೂರಣಕ್ಕೆ ಮುಚ್ಚಳ ಹಾಕ್ಬ್ಯಾಡ. ಈಗಾಗ್ಲೇ ಹಾಕಿದ್ರೆ ಎದ್ದು ಹೋಗಿ ತೆಗ್ದು ಬಾ, ಆಮೇಲೆ ಮಿಕ್ಕಿದ್ದು ಕೇಳು. ತೆಗ್ದ್ಯಾ? ಹ್ಞೂಂ.

ನಮ್ಮವ್ವ, ಅದೇ ನಿಮ್ಮಜ್ಜಿ, ತೀರಿಕೊಂಡ ವರ್ಷದ ದೀಪಾವಳೀಲಿ ಏನಾತು ಅಂತ ನಿಮಗೆಲ್ಲಾ ಗೊತ್ತೇ ಐತೆ. ಈ ಹುಡುಗಿ ಹೊಸಬಳು, ಅದಕ್ಕೆ ಇನ್ನೊಂದು ಸಲ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಪಾಡ್ಯದ ದಿನ ಹಿರಿಯರ ಪೂಜೆ. ಅವ್ವನ ಫೋಟೋ ಮುಂದೆ ಇಡೋ ಮೊದಲನೇ ಎಡೆ ಅದು. ಆನಗೋಡಿನವರು, ಹರಿಹರದ ಚಿಗವ್ವನ ಮನೆಯವರು, ಮಾಯಕೊಂಡದ ಬೀಗರು, ಎಲ್ಲಾ ಬರೋರು. ಅವ್ವ ಇದ್ದಾಗ ಬೇಳೆ ಒಲೆ ಏರ್ತಿದ್ದುದು ಬೆಳಗಿನ ಜಾವ ಮೂರಕ್ಕೆ. ನಾನು ಜಾಣಿ ಆಗೋಕೆ ಹೋದೆ. ಬೆಳಿಗ್ಗೆ ಸಗಣಿ ತಂದು ಪೂಜೆಗೆ ಹಟ್ಟಿಲಕ್ಕವ್ವನ ಗೊಂಬೆ ಬೇರೆ ಮಾಡ್ಬೇಕು, ಎಲ್ಲೈತೆ ಪುರಸೊತ್ತು ಅಂತ ಹಿಂದಿನ ದಿನ ಸಂಜೇನೇ ಕುಂತೆ. 3 ಕೆಜಿ ಕಡ್ಲೆಬೇಳೆ, 3 ಕೆಜಿ ಬೆಲ್ಲ. ಬೇಯಿಸಿ, ಬಸಿದು, ಬೆಲ್ಲ ಹಾಕಿ ಕುದಿಸಿ, ರುಬ್ಬಿ, ಎಂಟು ಗಂಟೆಗೆಲ್ಲಾ ದೊಡ್ಡ ಸ್ಟೀಲ್ ಡಬರಿಗೆ ಒತ್ತಿ ಒತ್ತಿ ತುಂಬಿದೆ. ಇರುವೆ ಬರ್ತವೆ ಅಂತ ಮುಚ್ಚಳ ಹಾಕಿದೆ. ಅದು ಸಾಲದು ಅಂತ ಮ್ಯಾಲೆ ಒದ್ದೆ ಟವೆಲ್ ಹೊದಿಸಿದೆ. ನೆಮ್ಮದಿಯಾಗಿ ಮಲಗಿದೆ.

ಐದಕ್ಕೆ ಎದ್ದು ಎತ್ತಿದ್ರೆ ಮುಚ್ಚಳದ ಒಳಗೆಲ್ಲಾ ನೀರಿನ ಹನಿ. ಹೂರಣದ ಮ್ಯಾಲೆ ನೀರು ನಿಂತೈತೆ, ಅಲ್ಲಲ್ಲಿ ಸಣ್ಣ ಸಣ್ಣ ಗುಳ್ಳೆ. ಬೆರಳು ಅದ್ದಿ ಎತ್ತಿದ್ರೆ ನೂಲು ನೂಲು ಬರ್ತೈತೆ. ಮೂಗಿಗೆ ಹುಳಿ ವಾಸನೆ. ನಡುವೆ ಕೈ ಇಳಿಸಿದ್ರೆ, ಒಂಬತ್ತು ತಾಸಾದ್ರೂ ಇನ್ನೂ ಬೆಚ್ಚಗೇ ಐತೆ! ಅಲ್ಲೇ ಇತ್ತು ನೋಡು ಕೇಡು. ಹೂರಣ ರಾಶಿಯಾಗಿದ್ರೆ ನಡುವಿನ ಬಿಸಿ ಹೊರಗೆ ಬರೋಲ್ಲ. ಹಬೆ ಎದ್ದು ಮುಚ್ಚಳಕ್ಕೆ ತಾಗಿ ನೀರಾಗಿ ತಿರುಗಿ ಅದರ ಮ್ಯಾಲೇ ತೊಟ್ಟಿಕ್ತೈತೆ. ಹೂರಣ ಗಟ್ಟಿಯಾಗಿ ಇರೋ ತನಕ ಬೆಲ್ಲವೇ ಅದನ್ನ ಕಾಯ್ತೈತೆ. ನೀರು ಬಿದ್ದ ಕಡೆ ಸಿಹಿ ತೆಳ್ಳಗಾತು ಅಂದ್ರೆ ಅಲ್ಲಿಂದ್ಲೇ ಹಳಸೋಕೆ ಶುರು. ಬೇಳೆ ಪದಾರ್ಥ ಸುಡೋಹಂಗೆ ಇದ್ರೂ ತಡಿತೈತೆ, ತಣ್ಣಗಿದ್ರೂ ತಡಿತೈತೆ, ಉಗುರುಬೆಚ್ಚಗೆ ಇಟ್ಟು ಮಲಗಿದ್ರೋ ಕೆಟ್ಟಿತು.

ಅಷ್ಟನ್ನೂ ತಿಪ್ಪೆಗೆ ಹಾಕಿದ್ವಿ. ಮತ್ತೆ ಕುದಿಸಿದ್ರೆ ಆಗ್ತಿತ್ತೇನೋ ಅಂತ ಚಿಗವ್ವ ಅಂದ್ಲು. ಆಗಲ್ಲ, ಹಳಸಿದ್ದು ಕುದಿಸಿದ್ರೆ ಹುಳಿ ಹೋಗಲ್ಲ, ತಿಂದೋರ ಹೊಟ್ಟೆ ಕೆಡ್ತೈತೆ. ಆ ವರ್ಷ ಅವ್ವನ ಎಡೆಗೆ ಶಾವಿಗೆ ಪಾಯಸ. ಹೊಸ ಸೀರೆ ಮಡಚಿ ಇಟ್ಟೈತೆ, ವಿಭೂತಿ ಹಚ್ಚೈತೆ, ಹೂವು ಏರಿಸೈತೆ, ಎಲೆ ಮ್ಯಾಲೆ ಹೋಳಿಗೆ ಇಲ್ಲ. ಊರಿಗೆಲ್ಲಾ ಹೋಳಿಗೆ ತಟ್ಟಿ ಹಾಕಿದೋಳಿಗೆ! ಬೀಗರು ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಎಲೆ ಕಡೆ ನೋಡಿದ್ರಲ್ಲ, ಅಷ್ಟೇ ಸಾಕಾತು.

ಅದಕ್ಕೇ ಹೇಳೋದು ಯವ್ವಾ, ಮುಚ್ಚಳ ಹಾಕ್ಬ್ಯಾಡ. ಇರುವೆ ಭಯ ಇದ್ರೆ ಅಗಲ ತಟ್ಟೇಲಿ ನೀರು ಹಾಕಿ ಅದರ ನಡುವೆ ಪಾತ್ರೆ ಇಡು. ಮ್ಯಾಲೆ ತೆಳ್ಳನೆ ಪಂಚೆ ಬಟ್ಟೆ ಹೊದಿಸು, ಒಣಗಿದ್ದು, ಒದ್ದೆದಲ್ಲ. ಅವ್ವ ಹಂಗೇ ಮಾಡ್ತಿದ್ಲು. ರುಬ್ಬಿದ ಹೂರಣಾನ ಒಂದು ದಿನಾನೂ ಆಳದ ಪಾತ್ರೆಗೆ ತುಂಬಿದೋಳಲ್ಲ. ಹಿತ್ತಾಳೆ ಪರಾತದಾಗೆ ಎರಡು ಬೆರಳು ದಪ್ಪಕ್ಕೆ ಹರಡಿ, ಸೌಟಿನ ಹಿಂಬದಿಯಿಂದ ಗೀರು ಎಳೆದು ಬಿಡೋಳು. ಆ ಗೀರಿನಾಗೆ ಹಬೆ ಹೋಗ್ತೈತೆ. ಅರ್ಧ ತಾಸಿಗೆ ತಣ್ಣಗಾಗ್ತಿತ್ತು.

ಈಗ ಹರಡ್ಬೇಕಂದ್ರೆ ಆ ಪರಾತ ಎಲ್ಲೈತೆ? ಕೇಳ್ರಿ ಯಾರಾದ್ರೂ. ಪರಾತ ಹೋಗ್ಲಿ, ರುಬ್ಬೋ ಕಲ್ಲು ಎಲ್ಲೈತೆ? ತಮ್ಮಾ, ನೀನೂ ಈ ಗ್ರೂಪಿನಾಗೆ ಇದೀಯಲ್ಲ, ಕೇಳಿಸ್ಕೋ. ಹೊಸ ಮನೆ ಕಟ್ಟೋವಾಗ "ಈಗ ಯಾರಕ್ಕ ರುಬ್ತಾರೆ, ಕಾಲಿಗೆ ಎಡವ್ತೈತೆ" ಅಂತ ಹೇಳಿ ಅವ್ವನ ಕಲ್ಲನ್ನ ಕಾಂಪೌಂಡಿನ ಪಾಯಕ್ಕೆ ಹಾಕಿಸಿದ್ಯಲ್ಲ. ನನಗೆ ಒಂದು ಮಾತು ಹೇಳಿದ್ರೆ ಲಗೇಜ್ ಆಟೋ ಮಾಡಿ ತರ್ತಿದ್ದೆ. ಗುಂಡು ಎಲ್ಲಿ ಹೋತೋ ದೇವರಿಗೇ ಗೊತ್ತು. ಕಲ್ಲು ಮಾತ್ರ ಗೇಟಿನ ಎಡಗಡೆ ಕಂಬದ ಕೆಳಗೇ ಐತೆ ಅಂತ ಗಾರೆಯವನು ಹೇಳಿದಾನೆ. ನಾನು ಬಂದಾಗೆಲ್ಲಾ ಚಪ್ಪಲಿನ ಬಲಗಡೆ ಬಿಡ್ತೀನಿ, ಯಾಕೆ ಅಂತ ಇವತ್ತಾದ್ರೂ ತಿಳ್ಕೋ.

ಮತ್ತೆ ನಿಮ್ಮೋರೆಲ್ಲಾ "ಅಜ್ಜಿ ಕೈಯಿನ ರುಚಿ ಬರಲ್ಲ" ಅಂತೀರಿ. ಹೆಂಗೆ ಬರ್ತೈತೆ? ಕಲ್ಲಿನಾಗೆ ರುಬ್ಬೋಕೆ ತೊಟ್ಟು ನೀರು ಬೇಕಾಗಲ್ಲ. ಗಟ್ಟಿ ಹೂರಣ ಇದ್ದಷ್ಟೂ ಗುಂಡು ಚೆನ್ನಾಗಿ ಒತ್ತತೈತೆ. ಮಿಕ್ಸಿ ಹಂಗಲ್ಲ, ಬ್ಲೇಡು ಹೂರಣದಾಗೆ ಗೂಡು ಮಾಡ್ಕೊಂಡು ಖಾಲಿ ಸುತ್ತತೈತೆ. ತಿರುಗಲ್ಲ ಅಂತ ನೀವು ಎರಡು ಚಮಚ ನೀರು ಹಾಕ್ತೀರಿ. ಆ ಎರಡು ಚಮಚಕ್ಕೇ ಹೋಳಿಗೆ ಹೆಂಚಿನ ಮ್ಯಾಲೆ ಒಡೀತೈತೆ, ಮಧ್ಯಾಹ್ನಕ್ಕೆ ತೇವ ಬಿಟ್ಕೊಂಡು ಒಂದಕ್ಕೊಂದು ಅಂಟ್ತೈತೆ. ಕಳೆದ ಸಲ ಯಾರೋ ಒಬ್ರು, ಹೆಸರು ಬ್ಯಾಡ, ಅಂಗಡಿ ಡಬ್ಬಿ ಹೋಳಿಗೆ ತಂದು ಅವ್ವನ ಎಡೆಗೆ ಇಟ್ರು. ತಿನ್ನೋಕೆ ತಂದ್ರೆ ನನ್ನ ತಕರಾರಿಲ್ಲ. ಎಡೆಗಾದ್ರೂ ಮನೇಲಿ ಐದು ಹೋಳಿಗೆ ತಟ್ಟೋಕೆ ಆಗಲ್ವಾ? ಹನ್ನೆರಡೂವರೆಗೆ ಕಾರಿಂದ ಇಳೀತಾರೆ, ಎರಡಕ್ಕೆ ಹೋಗ್ತಾರೆ. ಹಿಂದೆಲ್ಲಾ ಅವ್ವ ಹೂರಣ ರುಬ್ಬೋವಾಗ ಸೊಸೆದಿರು, ಹೆಣ್ಣುಮಕ್ಕಳು ಸುತ್ತ ಕುಂತು ಒಬ್ರು ಉಂಡೆ, ಒಬ್ರು ಕಣಕ, ಒಬ್ರು ಹೆಂಚು... ತಡಿ, ಹಾಲು ಉಕ್ತೈತೆ.

ಹಾಂ, ಬಂದೆ. ಎಲ್ಲಿದ್ದೆ? ಅಯ್ಯೋ, ನೀನು ಕೇಳಿದ್ದು ನೀರಾಗೈತೆ ಅಂತ, ನಾನು ಕಲ್ಲಿನ ಕತೆ ಹೇಳ್ತಾ ಕುಂತೀನಿ. ಹೆದರಬ್ಯಾಡ, ರುಬ್ಬಿಲ್ಲ ಅಂದ್ಯಲ್ಲ, ಅದು ಒಳ್ಳೇದೇ ಆತು. ರುಬ್ಬಿದ ಮ್ಯಾಲೆ ನೀರಾದ್ರೆ ಒಲೆ ಮ್ಯಾಲೆ ತಳ ಹಿಡೀತೈತೆ, ಈಗಾದ್ರೆ ಸುಲಭ.

ಕುಕ್ಕರಿನಾಗೆ ಬೇಯಿಸಿರ್ತೀಯ, ಸೀಟಿ ಜಾಸ್ತಿ ಆಗಿರ್ತೈತೆ. ಬೇಳೆ ಹಿಟ್ಟಾದ್ರೆ ನೀರು ಕುಡ್ಕೊಂಡು ಕುಂತಿರ್ತೈತೆ, ಬಸಿದ್ರೂ ಬಿಡಲ್ಲ. ಇಲ್ಲಾಂದ್ರೆ ಕಟ್ಟು, ಅದೇ ಬೇಳೆ ಬೆಂದ ನೀರು, ಪೂರ್ತಿ ಬಸಿಯೋಕೆ ಬಿಟ್ಟಿರಲ್ಲ. ಜರಡಿ ಪಾತ್ರೇಲಿ ಕಾಲು ತಾಸು ಬಿಡಬೇಕು, ಅಲ್ಲಾಡಿಸಿದ್ರೆ ಒಂದು ಹನೀನೂ ಬೀಳಬಾರದು. ಬೆಲ್ಲಾನೂ ಕಾರಣ ಇರ್ಬೋದು. ಮಳೆಗಾಲ ಕಳೆದ ಕರಿ ಬೆಲ್ಲ ತೇವ ಎಳ್ಕೊಂಡಿರ್ತೈತೆ, ಮುಟ್ಟಿದ್ರೆ ಜಿಗುಟು. ಅಂಥದ್ದಕ್ಕೆ ಕೆಜಿ ಬೇಳೆಗೆ 850 ಗ್ರಾಂ ಸಾಕು, ಸಮಸಮ ಹಾಕ್ಬಾರದು. ಆತು ಬಿಡು, ಹಾಕಿ ಆಗೈತೆ.

ಈಗ ಏನು ಮಾಡು, ನಿಮ್ಮನೇಲಿ ಇರೋದ್ರಾಗೆ ಅತಿ ಅಗಲ ಬಾಯಿ, ದಪ್ಪ ತಳದ ಪಾತ್ರೆ ತಗೋ. ಅಗಲ ಇದ್ದಷ್ಟೂ ನೀರು ಬೇಗ ಆರ್ತೈತೆ. 2 ಕೆಜಿ ಬೇಳೆ ಅಂದ್ಯಲ್ಲ, ಎರಡು ಪಾಲು ಮಾಡಿ ಎರಡು ಒಲೇಲಿ ಇಡು. ಉರಿ ಮಧ್ಯಮ. ಚಪ್ಪಟೆ ಮರದ ಸೌಟಿನಾಗೆ ತಳ ಕೆರೀತಾ ಇರು, ನಿಲ್ಲಿಸಬ್ಯಾಡ. ಗಟ್ಟಿಯಾಗೋ ಹೊತ್ತಿಗೆ ಪಟಪಟ ಸಿಡೀತೈತೆ, ಬೆಲ್ಲದ ಪಾಕ ಚರ್ಮಕ್ಕೆ ಅಂಟಿಕೊಂಡು ಸುಡ್ತೈತೆ, ಮೊಣಕೈ ತನಕ ಬಟ್ಟೆ ಸುತ್ಕೋ. ಮಗು ಅಡಿಗೆಮನೆ ಹತ್ರ ಬರಬಾರದು. ಸೌಟು ನಡುವೆ ನಿಲ್ಲಿಸಿದ್ರೆ ವಾಲದೆ ನಿಲ್ಲಬೇಕು. ಅದರ ಮ್ಯಾಲೂ ಅನುಮಾನ ಇದ್ರೆ ಸ್ಟೀಲ್ ತಟ್ಟೆ ಮ್ಯಾಲೆ ಒಂದು ಚಮಚ ಹಾಕಿ ಆರಿಸಿ ಉಂಡೆ ಕಟ್ಟು. ಬೆರಳಿಗೆ ಅಂಟಬಾರದು, ಬಿರುಕೂ ಬಿಡಬಾರದು. ಅಂಟಿದ್ರೆ ಇನ್ನೈದು ನಿಮಿಷ. ಬಿರುಕು ಬಿಟ್ರೆ ಅತಿಯಾತು, ಎರಡು ಚಮಚ ಹಾಲು ಚಿಮುಕಿಸು. ಕಡ್ಲೆಬೇಳೆ ಹೂರಣ ಆರ್ತಾ ಆರ್ತಾ ಇನ್ನೂ ಗಟ್ಟಿಯಾಗ್ತೈತೆ, ಒಲೆ ಮ್ಯಾಲೇ ಪೂರ್ತಿ ಒಣಗಿಸೋಕೆ ಹೋಗ್ಬ್ಯಾಡ.

ಇನ್ನೂ ಬೆಚ್ಚಗಿರೋವಾಗ್ಲೇ ರುಬ್ಬು, ತಣ್ಣಗಾದ್ರೆ ಮಿಕ್ಸಿ ತಿರುಗಲ್ಲ. ಅರ್ಧ ಜಾರು ಮಾತ್ರ ತುಂಬು, ಒಂದು ಸುತ್ತು, ನಿಲ್ಲಿಸು, ಚಮಚದಾಗೆ ಮಗುಚು, ಮತ್ತೊಂದು ಸುತ್ತು. ಬೇಳೆ ಚೂರು ಒಂದೂ ಉಳೀಬಾರದು, ಒಂದು ಚೂರಿದ್ರೂ ಕಣಕ ಹರಿದು ಹೊರಗೆ ಬರ್ತೈತೆ. ಏಲಕ್ಕಿ, ಚೂರು ಜಾಯಿಕಾಯಿ, ಒಣಶುಂಠಿ ಕೊನೇಲಿ. ಇಷ್ಟು ಮಾಡಿದ್ರೂ ಮೆತ್ತಗೇ ಇದ್ರೆ ಪುಟಾಣಿ, ಅದೇ ಹುರಿಗಡ್ಲೆ, ಪುಡಿ ಮಾಡಿ ಜರಡಿ ಹಿಡಿದು ಒಂದು ಹಿಡಿ ಕಲಸು. ಎರಡು ಹಿಡಿ ಹಾಕಿದ್ರೋ ಚಟ್ನಿಪುಡಿ ವಾಸನೆ ಬರ್ತೈತೆ, ಅವ್ವ ಇದ್ದಿದ್ರೆ ಎಲೆ ಸರಿಸಿ ಎದ್ದು ಹೋಗೋಳು. ಮೈದಾ ಅಂತೂ ಹಾಕ್ಲೇಬ್ಯಾಡ, ಹಸಿ ಹಸಿ ಅನ್ನಿಸ್ತೈತೆ.

ಆಮೇಲೆ ಎರಡು ಮೂರು ತಟ್ಟೆಗೆ ಹರಡಿ ಫ್ಯಾನಿನ ಕೆಳಗೆ ಇಡು. ಪೂರ್ತಿ ತಣ್ಣಗಾದ ಮ್ಯಾಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಾಗೆ ಇಡು, ಆಗ ಬೇಕಾದ್ರೆ ಮುಚ್ಚು. ಬೆಳಿಗ್ಗೆ ತಟ್ಟೋಕೆ ಎರಡು ತಾಸು ಮುಂಚೆ ಹೊರಗೆ ತೆಗೀಬೇಕು. ಫ್ರಿಜ್ಜಿಂದ ಹಂಗೇ ತಗೊಂಡ್ರೆ ಹೂರಣ ಕಲ್ಲಿನಂಗಿರ್ತೈತೆ, ಕಣಕ ಮುಂದೆ ಹೋಗ್ತೈತೆ, ಹೂರಣ ನಡುವೇನೇ ಉಳೀತೈತೆ, ಅಂಚೆಲ್ಲಾ ಬರೀ ಹಿಟ್ಟು.

ಕಣಕ ಬೆಳಿಗ್ಗೆ ಐದಕ್ಕೆ ಕಲಸು. ಕಾಲು ಕೆಜಿ ಚಿರೋಟಿ ರವೆ ಮೊದಲು ನೀರಿನಾಗೆ ಅರ್ಧ ತಾಸು ನೆನೆಸಿ, ಅದಕ್ಕೆ 1 ಕೆಜಿ ಮೈದಾ, ಚಿಟಿಕೆ ಅರಿಶಿನ, ಉಪ್ಪು. ಚಪಾತಿ ಹಿಟ್ಟಿಗಿಂತ ಸಡಿಲ, ಎಳೆದ್ರೆ ರಬ್ಬರಿನಂಗೆ ಬರಬೇಕು. ಎಣ್ಣೆ ಹಾಕಿ ನಾದಿ ನಾದಿ ಎರಡು ತಾಸು ಬಿಡು. ಹೂರಣದ ಉಂಡೆ ಸಣ್ಣ ನಿಂಬೆಹಣ್ಣಿನಕಿಂತ ದೊಡ್ಡದು, ಕಣಕ ಅದರ ಅರ್ಧಕ್ಕಿಂತ ಕಮ್ಮಿ. ಅಂಗೈ ಅಗಲದ್ದು ಎಂಬತ್ತರ ಮ್ಯಾಲೆ ಆಗ್ತವೆ, ಮೂವತ್ತೈದು ಜನಕ್ಕೆ ಎರಡೆರಡು, ಹೆಣ್ಣುಮಕ್ಕಳಿಗೆ ಕಟ್ಟಿಕೊಡೋಕೂ ಮಿಗ್ತವೆ. ಹೆಂಚು ಹದವಾಗಿ ಕಾಯ್ಲಿ, ಜಾಸ್ತಿ ಕಾದ್ರೆ ಬೆಲ್ಲ ಕರ್ರಗಾಗ್ತೈತೆ. ಬೆಂದಿದ್ದನ್ನ ಪೇಪರ್ ಮ್ಯಾಲೆ ಬಿಡಿ ಬಿಡಿಯಾಗಿ ಹರಡು, ಬಿಸೀಲೇ ಒಂದರ ಮ್ಯಾಲೊಂದು ಪೇರಿಸಬ್ಯಾಡ.

ನಿಮ್ಮತ್ತೆ ಮಂಡಿ ಆಪರೇಷನ್ ಆಗಿ ಕುಂತಿದಾಳೆ ಅಂತ ಸುಮ್ನೆ ಬಿಡಬ್ಯಾಡ, ಕುರ್ಚಿ ಹಾಕಿ ಉಂಡೆ ಕಟ್ಟೋಕೆ ಕೂರಿಸು. ಅವಳ ಕೈ ಚೆನ್ನಾಗೈತೆ. ಎಡೇಲಿ ಕೋಸಂಬರಿ, ಬದನೆಕಾಯಿ ಪಲ್ಯ, ಅನ್ನ ಸಾರು, ಹಪ್ಪಳ ಸಂಡಿಗೆ ಎಲ್ಲಾ ನಿಂಗೆ ಗೊತ್ತಿರ್ತೈತೆ. ಅವ್ವನ ಹೋಳಿಗೆ ಮ್ಯಾಲೆ ತುಪ್ಪ ಹಾಕಿ, ಪಕ್ಕಕ್ಕೆ ಲೋಟದಾಗೆ ಹಾಲು ಇಡು, ಅವಳು ಹಾಲಿನಾಗೆ ಅದ್ದಿಕೊಂಡೇ ತಿಂತಿದ್ದುದು. ಎಲೆ ಅಡಿಕೆ, ಸುಣ್ಣದ ಡಬ್ಬಿ ಮರೀಬ್ಯಾಡ.

ಅಂದಂಗೆ ಕಟ್ಟು ಚೆಲ್ಲಿಲ್ಲ ತಾನೆ? ಚೆಲ್ಲಿದ್ರೆ ಹೋಳಿಗೆ ಸಾರು ಎಲ್ಲಿಂದ ಬರ್ತೈತೆ? ಇದ್ರೆ ಅದನ್ನೂ ಒಂದು ಸಲ ಮಳ್ಳೋಹಂಗೆ ಕುದಿಸಿ, ಆರಿದ ಮ್ಯಾಲೆ ಫ್ರಿಜ್ಜಿಗೆ. ಹೂರಣಕ್ಕಿಂತ ಅದು ಬೇಗ ಹುಳಿ ಬರ್ತೈತೆ, ಸಿಹಿ ಇಲ್ಲ ನೋಡು ಅದರಾಗೆ. ರುಬ್ಬೋಕೆ ಮುಂಚೆ ಒಂದು ಹಿಡಿ ಹೂರಣ ಸಾರಿಗೆ ಅಂತ ತೆಗೆದಿಡು. ಮಸಾಲೆ ನಾಳೆ ಬೆಳಿಗ್ಗೆ ನಾನೇ ಬಂದು ಹುರೀತೀನಿ, ಏಳರ ಬಸ್ಸಿಗೆ ಹತ್ತತೀನಿ.

ಈಗ ಒಲೆ ಹಚ್ಚು. ಸೌಟು ನಿಲ್ಲಿಸಿ ಒಂದು ಫೋಟೋ ಹಾಕು, ಹನ್ನೊಂದರ ತನಕ ಎಚ್ಚರ ಇರ್ತೀನಿ.